ಎಲ್ಲರ ಬಾಯಲ್ಲಿದ್ದ ಕೀಲಿ

“ಕರೆದು ಕೂಡಿಸಿ ಚಹಾ ಕೊಡ್ತೀರಿ, ಹಿಂದಿಂದ ನಮ್ಮ ಹುಡುಗಿ ಫೋಟೋ ಸಂತ್ಯಾಗ ಹಚ್ತೀರಿ! ಥೂ ನಿಮ್ಮ ಜನ್ಮಕ್ಕ!”

ಸಕ್ಕೂಬಾಯಿ ಚಪ್ಪಲಿ ಬಿಡದೆ ಪಡಸಾಲೆಗೆ ನುಗ್ಗಿದ್ದಳು. ಹಿಂದಿನ ಓಣಿಯವಳು, ಇಪ್ಪತ್ತು ವರ್ಷದ ಪರಿಚಯ. ಗುಲ್ಬರ್ಗಾದ ಜೇವರ್ಗಿ ಕಾಲೋನಿಯಲ್ಲಿ ಅವಳ ದನಿ ಇಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ.

ರೊಟ್ಟಿ ತಟ್ಟುತ್ತಿದ್ದ ಸರಸ್ವತೀಬಾಯಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ಯಾರ ಜನ್ಮಕ್ಕ ಥೂ ಅಂತೀ? ಮೊದಲ ಚಪ್ಪಲಿ ಹೊರಗ ಬಿಡು. ಆಮ್ಯಾಲ ಬೈ.”

“ಬಿಡಂಗಿಲ್ಲ, ಏನ್ ಮಾಡ್ತಿ? ನಾಕು ಸಲ ಫೋನ್ ಬಂತು ಮನೀಗೆ. ಯಾವನೋ ಒಬ್ಬಾಂವ, ‘ನಿಮ್ಮ ವೇದವತಿ ಗಿಳಿಹಸರ ಸೀರ್ಯಾಗ ಭಾಳ ಛಂದ ಕಾಣಸ್ತಾಳ, ಒಂದು ಸಲ ಮಾತಾಡಸ್ರಿ’ ಅಂತಾನ. ಆ ಫೋಟೋ ನಾ ಇನ್ಯಾರಿಗೆ ಕೊಟ್ಟೀನಿ? ನಿನಗೊಬ್ಬಾಕಿಗೇ ಕೊಟ್ಟೀನಿ!”

“ನನ್ನ ಮನಿ ಬಿಟ್ಟು ಅದು ಹೊರಗ ಹೋಗಿಲ್ಲ.”

“ಹೋಗಿಲ್ಲ? ಸೋಲಾಪುರದ ವರನ ಕಾಕಾನ ಮಗ ಅದಾನಲ್ಲ, ಅವನಿಗೇ ಯಾರೋ ತೋರ್ಸ್ಯಾರ ಆ ಫೋಟೋ, ‘ಕನ್ಯಾ ಅದ, ನೋಡ್ತೀರೇನು’ ಅಂತ. ಮೊನ್ನೆ ನಿಶ್ಚಯ ಆದ ಹುಡುಗಿ! ಹುಡುಗೀನೇ ಊರಿಗೆಲ್ಲ ಫೋಟೋ ಹಂಚ್ಯಾಳ ಅಂತ ಅವರ ಮಾತು. ನವರಾತ್ರಿ ತನಕ ತಡೀರಿ ಅಂದಾರ. ತಡೀರಿ ಅಂದ್ರ ಏನರ್ಥ, ನಿನಗ ತಿಳೀದೇನು?”

ಸಕ್ಕೂಬಾಯಿಯ ದನಿ ಅಲ್ಲಿಗೆ ಒಡೆಯಿತು. ಒಳಗಿನಿಂದ ಅತ್ತೆ ಪಾರ್ವತೀಬಾಯಿ ಕೂಗಿದಳು: “ಸರಸ್ವತೀ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತದ!”

“ಹೊತ್ಲಿ,” ಎಂದಳು ಸರಸ್ವತೀಬಾಯಿ. ಸಕ್ಕೂಬಾಯಿಯ ಎದುರು ನಿಂತು ಹೇಳಿದಳು, “ನೋಡು ಸಕ್ಕೂ. ನಂದು ತಪ್ಪಿದ್ರ ನಾನೇ ಸೋಲಾಪುರದವರ ಮುಂದ ಹೇಳ್ತೀನಿ. ಇನ್ಯಾರದರೆ ತಪ್ಪಿದ್ರ ಅವರ ಹೆಸರು ಹಿಡಿದು ಹೇಳ್ತೀನಿ. ನವರಾತ್ರಿ ಒಳಗ. ಈಗ ನಡಿ, ಚಹಾ ಕುಡಿಯಂಗಿದ್ರ ಕುಡಿ.”

ಸಕ್ಕೂಬಾಯಿ ಕುಡಿಯಲಿಲ್ಲ. ಚಪ್ಪಲಿಯ ಕೆಸರು ಪಡಸಾಲೆಯಲ್ಲಿ ಉಳಿಯಿತು.

ಆ ಮನೆಯಲ್ಲಿ ವಧುವರರ ವಹಿ ಇದ್ದದ್ದು ಮೂವತ್ತೈದು ವರ್ಷದಿಂದ. ಶುರು ಮಾಡಿದವಳು ಪಾರ್ವತೀಬಾಯಿ. ಸಮಾಜದ ಯಾರ ಮನೆಯಲ್ಲಿ ಹುಡುಗಿ ಮದುವೆಗೆ ಬಂದಿದ್ದಾಳೆ, ಯಾರ ಮನೆಯ ಹುಡುಗನಿಗೆ ನೌಕರಿಯಾಗಿದೆ, ಗೋತ್ರ, ನಕ್ಷತ್ರ, ವಿಳಾಸ, ಎಲ್ಲ ಒಂದು ಉದ್ದ ವಹಿಯಲ್ಲಿ. ಅದಕ್ಕೊಂದು ಕೆಂಪು ಬಟ್ಟೆ ಸುತ್ತಿ ದೇವರ ಕೋಣೆಯ ಮೇಲಿನ ಹಲಗೆಯಲ್ಲಿಡುತ್ತಿದ್ದಳು. ಅದು ಮಡಿ ಹಲಗೆ. ಮಡಿಯುಟ್ಟ ಅವಳೊಬ್ಬಳನ್ನು ಬಿಟ್ಟು ಬೇರೆ ಯಾರ ಕೈಯೂ ಅಲ್ಲಿಗೆ ಹೋಗುವಂತಿರಲಿಲ್ಲ. ವರನ ಕಡೆಯವರು ಬಂದರೆ ಮಣೆ ಹಾಕಿ ಕೂಡಿಸಿ, ವಹಿ ಬಿಚ್ಚಿ, ಫೋಟೋ ತೋರಿಸಿ, ಅಲ್ಲೇ ವಾಪಸ್ಸು ಇಡುವುದು. ಹುಡುಗಿಯ ಫೋಟೋ ಹೊಸ್ತಿಲು ದಾಟುವಂತಿಲ್ಲ. ಯಾರಿಂದಲೂ ಒಂದು ಪೈಸೆ ಮುಟ್ಟುವಂತಿಲ್ಲ. ಮದುವೆಯಾದರೆ ಒಂದು ಕುಬಸದ ಖಣ ಕೊಟ್ಟರೆ ಆಯಿತು.

ಮುದುಕಿಯ ಕಣ್ಣು ಮಂಜಾದ ಮೇಲೆ ವಹಿ ಸೊಸೆಯ ಕೈಗೆ ಬಂತು. ಸರಸ್ವತೀಬಾಯಿ ಕಮಲಾಪುರದ ಸಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು, ಅಕ್ಷರ ದುಂಡಗೆ. ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಮಗ ಬಂಡು ಕಂಪ್ಯೂಟರ್ ತಂದ. ಕಪನೂರದ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗ. “ಆಯೀ, ಪುಣೆ, ಹೈದರಾಬಾದ್‌ನವರು ಇ-ಮೇಲ್ ಮಾಡ್ತಾರ. ನೀ ಕೂತಲ್ಲೇ ನೋಡಬಹುದು” ಎಂದ. ಸರಸ್ವತೀಬಾಯಿ ಒಂದೇ ಬೆರಳಿನಲ್ಲಿ ಟೈಪು ಕಲಿತಳು. ಬರುಬರುತ್ತ ನೂರಾ ಹನ್ನೆರಡು ಹೆಣ್ಣುಮಕ್ಕಳ ವಿವರ, ಫೋಟೋ, ಫೋನ್ ನಂಬರು ಆ ಇ-ಮೇಲಿನೊಳಗೆ ಹೋದವು. ಕಂಪ್ಯೂಟರ್ ಬಂದು ಈಗ ವರ್ಷವೊಂದಾಗಿತ್ತು.

ಅವತ್ತು ರಾತ್ರಿಯ ಊಟಕ್ಕೆ ಹೊತ್ತಿದ ರೊಟ್ಟಿಯೇ. ಗಂಡ ಗುರುರಾಜ ರೊಟ್ಟಿಯ ಕರಿ ಭಾಗ ಮುರಿದು ತಾಟಿನ ಅಂಚಿಗಿಟ್ಟ. ಜಿಲ್ಲಾ ಕಚೇರಿಯ ಗುಮಾಸ್ತ, ಜಗಳವೆಂದರೆ ಮೈಲು ದೂರ.

“ನಾ ಹೇಳ್ಲೇನು? ಆಷಾಢದಾಗ ಕಂಪ್ಯೂಟರ್ ಡಬ್ಬಿ ಕೆಟ್ಟಾಗ ಎರಡು ದಿನ ರಿಪೇರಿಗೆ ಆ ಸಲಾವುದ್ದೀನನ ಅಂಗಡ್ಯಾಗ ಇತ್ತು. ಅಲ್ಲೇ ಹೋಗೇದ,” ಎಂದ.

ಬಂಡು ತಲೆ ಎತ್ತಲಿಲ್ಲ. “ಬಾಬಾ, ಸುಮ್ಮ ಸುಮ್ಮನ ಯಾರ ಹೆಸರಾದ್ರೂ ತಗೋಬ್ಯಾಡ್ರಿ. ವೈರಸ್ ಇರಬಹುದು.”

“ಹಂಗಂದ್ರೇನು?” ಎಂದಳು ಪಾರ್ವತೀಬಾಯಿ.

“ಕಂಪ್ಯೂಟರಿಗೆ ಬರೋ ರೋಗ, ಅಜ್ಜಿ. ಹೊರಗಿಂದ ಬರ್ತದ. ಗೊತ್ತಿಲ್ಲದವರ ಪತ್ರ ತೆಗದ್ರ ಹತ್ಕೋತದ.”

“ಅಂದ್ರ ಮೈಲಿಗಿ ಅನ್ನು. ಊರ ಮಂದೀನೆಲ್ಲಾ ಮುಟ್ಟಿ ಬಂದದ್ದನ್ನ ಸೀದಾ ಒಳಗ ತಗೊಂಡ್ರ ಮತ್ತೇನಾಗ್ತದ? ನನ್ನ ಹಲಗೀನೇ ಛಲೋ ಇತ್ತು.”

“ಅತ್ಯಾ, ನಿಮ್ಮ ಹಲಗಿ ಸುದ್ದಿ ಆಮ್ಯಾಲ,” ಎಂದಳು ಸರಸ್ವತೀಬಾಯಿ. “ಬಂಡ್ಯಾ, ನೀ ಏನೇನು ತಗದೀ ಅದರಾಗ?”

“ಹಾಡು. ಒಂದೆರಡು ಆಟ.”

“ಆಟ! ಮಂದೀ ಹೆಣ್ಣುಮಕ್ಕಳು ಕೂತಿರೋ ಮನ್ಯಾಗ ಆಟ ಆಡ್ತೀ?”

ಬಂಡು ಅರ್ಧ ಊಟ ಬಿಟ್ಟು ಎದ್ದ. ಮನೆಯಲ್ಲಿ ಎರಡು ದಿನ ಮಾತಿಲ್ಲ. ಸರಸ್ವತೀಬಾಯಿ ಮಾಡಿದ ಮೊದಲ ಕೆಲಸವೆಂದರೆ ಕಂಪ್ಯೂಟರಿಗೆ ಹೋಗುವ ಫೋನಿನ ವೈರು ಕಿತ್ತು ಸೆರಗಿಗೆ ಕಟ್ಟಿಕೊಂಡದ್ದು.

ಮೂರನೆಯ ದಿನ ಕೋಟೆಯ ಹತ್ತಿರ ಸಲಾವುದ್ದೀನನ ಅಂಗಡಿಗೆ ಒಬ್ಬಳೇ ಹೋದಳು. ಬಿಚ್ಚಿದ ಡಬ್ಬಿಗಳ ನಡುವೆ ಸಲಾವುದ್ದೀನ ಕೂತಿದ್ದ, ಮೂವತ್ತರ ಆಸುಪಾಸು. ಮೂಲೆಯಲ್ಲಿ ಅವನ ತಾಯಿ ನೂರಜಹಾನ್ ಫೋನಿನ ಪಕ್ಕ ಅಡಿಕೆ ಕತ್ತರಿಸುತ್ತಿದ್ದಳು.

“ನಮ್ಮ ಹುಡುಗ್ಯಾರ ಫೋಟೋ ಎಷ್ಟಕ್ಕ ಮಾರಿದಿ?” ಎಂದಳು ಸರಸ್ವತೀಬಾಯಿ, ಕೂಡುವ ಮೊದಲೇ.

ಸಲಾವುದ್ದೀನ ಸ್ಕ್ರೂಡ್ರೈವರ್ ಕೆಳಗಿಟ್ಟ. ಮುಖ ಕೆಂಪಾಯಿತು. ಆದರೆ ಉತ್ತರ ಕೊಟ್ಟವಳು ತಾಯಿ.

“ಏ ಬಾಯಿ, ಬಾಯಿ ಸಂಭಾಳಿಸಿ ಮಾತಾಡ್ರಿ. ನನಗೂ ಮೂರು ಹೆಣ್ಣುಮಕ್ಕಳು ಇದ್ರು, ಮದಿವಿ ಮಾಡಿ ಕೊಟ್ಟೀನಿ. ನನ್ನ ಮಗ ಹಸಿದಿರ್ತಾನ, ಇಂಥ ಕೂಳು ತಿನ್ನಂಗಿಲ್ಲ.”

“ಅಮ್ಮೀ, ಚುಪ್,” ಎಂದ ಸಲಾವುದ್ದೀನ. “ಅಮ್ಮಾರ, ಯಾವ ಫೋಟೋ ಹೋಗೇದ ಹೇಳ್ರಿ.”

ಸರಸ್ವತೀಬಾಯಿ ಹೇಳಿದಳು. ಪಂಚಮಿಯಾದ ಮೇಲೆ ಸಕ್ಕೂಬಾಯಿ ತಂದುಕೊಟ್ಟ ಫೋಟೋ. ಬಂಡು ಮಿಲ್ಲಿನ ಆಫೀಸಿನಲ್ಲಿ ಸ್ಕ್ಯಾನ್ ಮಾಡಿ ಅಲ್ಲಿಂದಲೇ ಇ-ಮೇಲಿಗೆ ಹಾಕಿದ್ದ. ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು. ಡಬ್ಬಿ ಈ ಅಂಗಡಿಯಲ್ಲಿದ್ದದ್ದು ಆಷಾಢದಲ್ಲಿ. ಫೋಟೋ ಬಂದದ್ದು ಶ್ರಾವಣದಲ್ಲಿ.

 ಅವಳು ನೂರಜಹಾನಳ ಕಡೆ ತಿರುಗಿದಳು. “ನಂದು ತಪ್ಪಾತು. ಸಿಟ್ಟಿನ ಬಾಯಿ. ನನ್ನ ಬೈಬೇಕಂದ್ರ ಬೈರಿ.”

“ಬೈದಾತಲ್ಲ,” ಎಂದಳು ನೂರಜಹಾನ್, ಅಡಿಕೆ ಚೂರೊಂದನ್ನು ಚಾಚಿ. “ಕುಂದ್ರಿ.”

ಸಂಜೆ ಸಲಾವುದ್ದೀನ ಸೈಕಲ್ ಹತ್ತಿ ಮನೆಗೆ ಬಂದ. ಗುರುರಾಜ ಅವನ ಮುಖ ನೋಡಲಾರದೆ ಪಂಚಾಂಗ ಹಿಡಿದು ಕೂತ. ಸರಸ್ವತೀಬಾಯಿ ವೈರು ಬಿಚ್ಚಿ ಕೊಟ್ಟಳು, ಬಂಡು ಇ-ಮೇಲ್ ತೆರೆದುಕೊಟ್ಟ. ಸಲಾವುದ್ದೀನ ಒಂದೂವರೆ ತಾಸು ನೋಡಿದ. ವೈರಸ್ ಹಿಡಿಯುವ ಸಿ.ಡಿ. ಹಾಕಿ ಒಂದು ವರ್ಷವಾಗಿತ್ತು, ಅಂದರೆ ಡಬ್ಬಿ ತಂದ ದಿನ ಹಾಕಿದ್ದು, ಮತ್ತೆ ಯಾರೂ ಮುಟ್ಟಿರಲಿಲ್ಲ. ಹೊಸದು ಹಾಕಿದ. ಮೂರು ವೈರಸ್ ಸಿಕ್ಕವು, ಎಲ್ಲವೂ ಬಂಡುವಿನ ಆಟದ ಪ್ರಸಾದ.

“ತಿಂಗಳಿಗೊಮ್ಮೆ ಇದನ್ನ ಹೊಸದು ಮಾಡ್ಬೇಕು. ಕೆಲಸ ಆದಕೂಡಲೇ ಫೋನಿನ ವೈರ್ ತಗೀರಿ. ಗುರ್ತಿಲ್ಲದವರು ಕಳಿಸಿದ್ದು ತೆಗೀಬ್ಯಾಡ್ರಿ, ಎಷ್ಟೇ ಛಂದ ಇರ್ಲಿ,” ಎಂದ. ಆಮೇಲೆ ತಲೆ ಕೆರೆದುಕೊಂಡ. “ಆದ್ರ ಅಮ್ಮಾರ, ಕಳವು ಇವುಗಳಿಂದ ಆಗಿಲ್ಲ. ಆ ಹುಡುಗಿ ಫೋಟೋ ಈ ಡಬ್ಬಿಯೊಳಗ ಬಂದೇ ಇಲ್ಲ. ಇ-ಮೇಲ್‌ನಾಗೇ ಕೂತದ. ಯಾರೋ ಸೀದಾ ಅಲ್ಲಿಗೇ ಹೋಗ್ಯಾರ.”

“ಹ್ಯಾಂಗ ಹೋಗ್ತಾರ?”

“ಪಾಸ್‌ವರ್ಡ್ ಗೊತ್ತಿದ್ರ ಯಾವ ಊರಾಗ ಕೂತಾದ್ರೂ ಹೋಗಬಹುದು. ನೋಡ್ರಿ ಇಲ್ಲೆ. ಓದದ ಪತ್ರ ಕರೀಕ ದಪ್ಪ ಇರ್ತದ, ಓದಿದ್ದು ತೆಳ್ಳಗ. ಇದು ನಿನ್ನಿ ಸಂಜಿಗೆ ಬಂದದ್ದು. ವೈರ್ ನಿಮ್ಮ ಸೆರಗಿನ್ಯಾಗ ಇತ್ತು. ನೀವು ಓದಿಲ್ಲ. ಬಂಡು ಓದಿಲ್ಲ. ಆದ್ರೂ ತೆಳ್ಳಗದ.”

ಸರಸ್ವತೀಬಾಯಿ ಪರದೆಯ ಹತ್ತಿರ ಮುಖ ಒಯ್ದು ನೋಡಿದಳು. ನಿಜ. ಅವಳ ಮನೆಯ ಪತ್ರವನ್ನು ಅವಳಿಗಿಂತ ಮೊದಲು ಯಾರೋ ಓದುತ್ತಿದ್ದರು.

“ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?”

“ನನಗ, ಬಂಡುಗ. ಅದು—”

“ಹೇಳಬ್ಯಾಡ್ರಿ!” ಸಲಾವುದ್ದೀನ ಎರಡೂ ಕಿವಿ ಮುಚ್ಚಿಕೊಂಡ. “ನನಗೂ ಹೇಳಬ್ಯಾಡ್ರಿ. ಇವತ್ತೇ ಬದಲಿ ಮಾಡ್ರಿ.”

“ಬದಲಿ ಮಾಡಿದ್ರ ಕಳ್ಳ ಸಿಗ್ತಾನೇನು?”

“ಇಲ್ರಿ. ಬರೋದು ಬಂದ್ ಆಗ್ತದ, ಅಷ್ಟೇ.”

“ಅಂದ್ರ ಈಗ ಬ್ಯಾಡ,” ಎಂದಳು ಅವಳು. “ಮನಿ ಭದ್ರ ಆದ್ರ ಸಾಕೇನು? ಆ ಹುಡುಗಿ ಹೆಸರಿಗೆ ಹತ್ತಿದ್ದು ಯಾರು ತೊಳೀಬೇಕು?”

ಬಂಡು ಇ-ಮೇಲಿನಲ್ಲಿದ್ದದ್ದನ್ನೆಲ್ಲ ಒಂದು ಸಿ.ಡಿ.ಗೆ ಇಳಿಸಿ ಅಲ್ಲಿಂದ ಅಳಿಸಿ ಹಾಕಿದ. ಸಿ.ಡಿ.ಯನ್ನು ಪಾರ್ವತೀಬಾಯಿ ಕೆಂಪು ಬಟ್ಟೆಯಲ್ಲಿ ಸುತ್ತಿ ತನ್ನ ಹಲಗೆಯ ಮೇಲಿಟ್ಟಳು. “ಈಗ ಬಂದು ಮುಟ್ಟಲಿ ನೋಡ್ತೀನಿ,” ಎಂದಳು. ಮರುದಿನದಿಂದ ಸರಸ್ವತೀಬಾಯಿ ಅಡುಗೆ ಮುಗಿಸಿ ಮನೆಮನೆಗೆ ಹೋದಳು. ಪರಊರಿನವರಿಗೆ ಫೋನು ಮಾಡಿದಳು. ‘ಇನ್ನು ನಾ ಹೇಳೋ ತನಕ ಇ-ಮೇಲ್ ಮಾಡಬ್ಯಾಡ್ರಿ. ಯಾರಾದ್ರೂ ಫೋನ್ ಮಾಡಿ ರೊಕ್ಕ ಕೇಳಿದ್ರ ನನಗ ಹೇಳ್ರಿ.’ ಕೆಲವರು ಬೈದರು, ಇಬ್ಬರು ತಮ್ಮ ಮಕ್ಕಳ ಫೋಟೋ ವಾಪಸ್ಸು ಕೇಳಿದರು. ಕೊಟ್ಟಳು. ಸಮಜಾಯಿಷಿ ಹೇಳಲಿಲ್ಲ.

ಶ್ರಾವಣದ ಕೊನೆಯ ಮಂಗಳವಾರ ತಮ್ಮದೇ ಓಣಿಯ ಹೊಸ ಸೊಸೆಯ ಮಂಗಳಗೌರಿ. ಮೂವತ್ತು ಹೆಂಗಸರು ಸೇರಿದ್ದರು. ಸಕ್ಕೂಬಾಯಿಯೂ ಇದ್ದಳು, ಮುಖ ತಿರುಗಿಸಿ ಕೂತಿದ್ದಳು. ಅರಿಶಿನ ಕುಂಕುಮವಾದ ಮೇಲೆ ರೂಢಿಯಂತೆ ಎಲ್ಲರೂ ಗಂಡನ ಹೆಸರು ಸೇರಿಸಿ ಒಡಪು ಹೇಳಬೇಕು. ಹೊಸ ಹುಡುಗಿಯರು ಹೊಸ ಒಡಪು ಕಟ್ಟಿಕೊಂಡು ಬಂದಿದ್ದರು. ಸರಸ್ವತೀಬಾಯಿಯದು ಮಾತ್ರ ಇಪ್ಪತ್ತೊಂಬತ್ತು ವರ್ಷದಿಂದ ಒಂದೇ. ಮದುವೆಯಲ್ಲಿ ಅವಳ ತಾಯಿ ಕಟ್ಟಿಕೊಟ್ಟದ್ದು.

“ಸರಸೂನ ಪಾಳಿ! ಹೇಳವಾ, ಹೆಸರು ಹೇಳು!”

ಸರಸ್ವತೀಬಾಯಿ ಗಂಟಲು ಸರಿಮಾಡಿದಳು. “ಕಮಲಾಪುರದ ಕೆಂಪು ಬಾಳಿ—”

ಅಷ್ಟಕ್ಕೇ ನಿಂತಳು. ಬಾಯಿ ತೆರೆದಂತೆಯೇ ಉಳಿಯಿತು.

“ಯಾಕವಾ? ಗಂಡನ ಹೆಸರು ಮರತ್ಯೇನು?” ಎಂದು ಯಾರೋ ನಕ್ಕರು. ಮೂವತ್ತು ಬಾಯಿ ಒಟ್ಟಿಗೆ ಅವಳ ಒಡಪನ್ನು ಪೂರ್ತಿ ಮಾಡಿದವು:

“ಕಮಲಾಪುರದ ಕೆಂಪು ಬಾಳಿ, ಕಲಬುರ್ಗಿ ತೊಗರಿಬ್ಯಾಳಿ, ಗುರುರಾಯರು ಕಟ್ಯಾರ ನನಗ ತಾಳಿ!”

ಚಪ್ಪಾಳೆ ಬಿತ್ತು. ಸರಸ್ವತೀಬಾಯಿ ನಗಲಿಲ್ಲ. ಇ-ಮೇಲ್ ಶುರು ಮಾಡಿದ ದಿನ ಬಂಡು, ‘ಆಯೀ, ನೀ ಎಂದೂ ಮರೀಲಾರದ ಮಾತೊಂದು ಹೇಳು’ ಎಂದಿದ್ದ. ಅವಳು ಹೇಳಿದ್ದಳು. ಅವನು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದ. ಕೆಂಪುಬಾಳಿ. ಅದೇ ಪಾಸ್‌ವರ್ಡ್. ತಿಜೋರಿಗೆ ಕೀಲಿ ಹಾಕಿ, ಆ ಕೀಲಿಕೈಯನ್ನು ವರ್ಷಕ್ಕೆ ಹತ್ತು ಸಲ ತುಂಬಿದ ಸಭೆಯಲ್ಲಿ ಆಡಿಸಿ ತೋರಿಸಿದ್ದಳು.

ಮನೆಗೆ ಬಂದು ಉಡಿಯಲ್ಲಿದ್ದ ಕಡಲೆಯನ್ನು ಹಾಗೇ ಡಬ್ಬಿಗೆ ಸುರಿದಳು. “ಬಂಡ್ಯಾ, ನಾ ಹುಚ್ಚಿ ಅದೀನಿ, ನೀ ನನಗಿಂತ ಹುಚ್ಚ ಅದೀ.”

ಬಂಡು ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡ. “ಅಂದ್ರ ಇಡೀ ಸಮಾಜಕ್ಕ ಗೊತ್ತದ!”

“ಗೊತ್ತಿರೋದು ಬ್ಯಾರೆ, ಬಂದು ಕದಿಯೋದು ಬ್ಯಾರೆ. ಅಷ್ಟು ಮಂದ್ಯಾಗ ಕಂಪ್ಯೂಟರ್ ಬರೋರು ಎಷ್ಟು ಮಂದಿ? ಬಲಿ ಬೀಸಬೇಕು. ನಡಿ.”

ಸಲಾವುದ್ದೀನ, ಬಂಡು, ಅವಳು ಮೂವರೂ ಕೂತು ಒಂದು ಹುಡುಗಿಯನ್ನು ಹುಟ್ಟಿಸಿದರು. ಹೆಸರು ವಾರಿಜಾ. ವಯಸ್ಸು ಇಪ್ಪತ್ಮೂರು, ಬಿ.ಕಾಂ., ಬಣ್ಣ ಬಿಳಿ, ತಂದೆಗೆ ಒಬ್ಬಳೇ ಮಗಳು, ಹತ್ತು ಎಕರೆ ಹೊಲ. ಫೋಟೋ ಆಮೇಲೆ ಕಳಿಸುತ್ತೇವೆ.

“ಹತ್ತು ಎಕರೆ ಭಾಳ ಆತು,” ಎಂದ ಗುರುರಾಜ ಬಾಗಿಲಲ್ಲಿ ನಿಂತು. ಅವನಿಗೂ ಈಗ ರುಚಿ ಹತ್ತಿತ್ತು.

“ಸುಳ್ಳಿಗೆ ಯಾಕ ಕಂಜೂಸಿ?” ಎಂದಳು ಹೆಂಡತಿ. “ಫೋನ್ ನಂಬರ್ ಯಾರದು ಹಾಕೋದು? ನಮ್ಮದು ಹಾಕಿದ್ರ ಗುರ್ತು ಸಿಗ್ತದ.”

“ನಮ್ಮ ಅಂಗಡೀದು ಹಾಕ್ರಿ,” ಎಂದ ಸಲಾವುದ್ದೀನ. “ಅಮ್ಮೀ ದಿನಾ ಅಲ್ಲೇ ಇರ್ತಾಳ.”

ಪತ್ರ ಸರಸ್ವತೀಬಾಯಿಯ ಇ-ಮೇಲಿಗೆ ಹೋಗಿ ಬಿತ್ತು. ಮರುದಿನ ನೋಡಿದರೆ ತೆಳ್ಳಗಾಗಿತ್ತು. ಯಾರೋ ಓದಿದ್ದರು. ಆಮೇಲೆ ಎಂಟು ದಿನ ಏನೂ ಇಲ್ಲ. ಸರಸ್ವತೀಬಾಯಿ ಹಪ್ಪಳ ಒತ್ತಿದಳು, ಗಣಪತಿ ಹಬ್ಬಕ್ಕೆ ಕಡುಬು ಮಾಡಿದಳು, ಸಿಟ್ಟಿಗೆ ಎರಡು ಬಟ್ಟಲು ಒಡೆದಳು. ಒಂಬತ್ತನೆಯ ದಿನ ಅಂಗಡಿಯಿಂದ ಕರೆ ಬಂತು.

ಹೋದಾಗ ನೂರಜಹಾನಳ ಮುಖದಲ್ಲಿ ಹಬ್ಬ. “ಬಂತು ಬಾಯಿ ಫೋನು! ‘ವಾರಿಜಾನ ಮನೀ ಏನ್ರಿ? ನಾವು ವಧುವರ ಕೇಂದ್ರದವರು, ಐದುನೂರು ರೂಪಾಯಿ ಕಟ್ಟಿದ್ರ ಛಲೋ ವರ ತೋರಸ್ತೀವಿ’ ಅಂದ.”

“ನೀವೇನಂದ್ರಿ?”

“ನಾನೇನು ಕಮ್ಮಿ? ‘ನಾ ಅಕಿ ಅಜ್ಜಿ, ಮಡೀಲೆ ಇದ್ದೀನಿ, ಫೋನ್ ಮುಟ್ಟಂಗಿಲ್ಲ, ನಿಮ್ಮ ನಂಬರ್ ಕೊಡ್ರಿ, ನಮ್ಮ ಮನಿಯವರು ಮಾಡ್ತಾರ’ ಅಂದೆ.”

“ಫೋನ್ ಹಿಡ್ಕೊಂಡೇ ಫೋನ್ ಮುಟ್ಟಂಗಿಲ್ಲ ಅಂದ್ರಿ?”

“ಆ ದಡ್ಡಗ ಹೊಳೀಲೇ ಇಲ್ಲ! ರೊಕ್ಕದ ಮ್ಯಾಲ ಜೀವ. ನಂಬರ್ ಕೊಟ್ಟ. ತಗೋರಿ. ಸುಳ್ಳು ಹೇಳೀನಿ, ಅಲ್ಲಾ ಮಾಫ್ ಮಾಡ್ಲಿ.”

ಸರಸ್ವತೀಬಾಯಿ ನಗುತ್ತಲೇ ಚೀಟಿ ತೆಗೆದುಕೊಂಡಳು. ಓದಿದಳು. ನಗು ಹಾಗೇ ಆರಿಹೋಯಿತು. ಆ ನಂಬರು ನೋಡಲು ಅವಳಿಗೆ ಚೀಟಿ ಬೇಕಿರಲಿಲ್ಲ. ಪ್ರತಿ ಏಕಾದಶಿಯ ಮರುದಿನ ಅವಳ ಬೆರಳು ತಾನಾಗಿ ಅದನ್ನು ತಿರುಗಿಸುತ್ತಿತ್ತು. ಕಮಲಾಪುರದ ಎಸ್.ಟಿ.ಡಿ. ಅಂಗಡಿ. ಅವಳ ತಮ್ಮ ಹಣಮಂತನದು. ಅವಳ ಮದುವೆಯಲ್ಲಿ ಅವನಿಗೆ ಹತ್ತು ವರ್ಷ. ಅವಳ ಒಡಪನ್ನು ಓಣಿಯ ತುಂಬ ಕೂಗುತ್ತ ಓಡಾಡಿದವನು ಅವನೇ. ಪಂಚಮಿಗೆ ಉಂಡಿ ತಿನ್ನುತ್ತ, ‘ನಮ್ಮ ಅಂಗಡ್ಯಾಗೂ ಇಂಟರ್‌ನೆಟ್ ಬಂತಕ್ಕಾ. ನಿನ್ನ ಇ-ಮೇಲ್ ಹೆಸರೇನು ಹೇಳು’ ಎಂದಿದ್ದವನೂ ಅವನೇ. ಹೆಮ್ಮೆಯಿಂದ ಬರೆದುಕೊಟ್ಟಿದ್ದಳು.

“ಯಾಕ ಬಾಯಿ? ಗುರ್ತಿನವರೇನು?” ಎಂದಳು ನೂರಜಹಾನ್.

“ಹೌದು,” ಎಂದಳು ಸರಸ್ವತೀಬಾಯಿ. “ನಮ್ಮವನೇ.”

ಆ ರಾತ್ರಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

“ನಿನ್ನ ತಮ್ಮ. ತಾಯಿ ಇಲ್ಲದ ತವರಮನಿ, ಇರೋದೇ ಅವನೊಬ್ಬ,” ಎಂದ ಗುರುರಾಜ. “ಫೋನಿನ್ಯಾಗ ನಾಕು ಮಾತು ಬೈದು ಬಿಟ್ಟುಬಿಡು. ಪಾಸ್‌ವರ್ಡ್ ಬದಲಿ ಮಾಡಿದ್ರಾತು.”

“ಸಕ್ಕೂಗ ಏನ್ ಹೇಳ್ಲಿ?”

“ವೈರಸ್ ಅನ್ನು. ಯಾರು ನೋಡ್ಯಾರ?”

“ವೈರಸ್ ಅಂದ್ರ ಸೋಲಾಪುರದವರು ಒಪ್ತಾರೇನು? ‘ಹುಡುಗಿ ತಪ್ಪು ಮುಚ್ಚಾಕ ಡಬ್ಬಿ ಮ್ಯಾಲ ಹಾಕ್ತಾರ’ ಅಂತಾರ. ಕದ್ದವನ ಹೆಸರು ಹೇಳಿದ್ರನೇ ಅವರ ಬಾಯಿ ಮುಚ್ಚೋದು.”

ಗುರುರಾಜ ತಾಯಿಯ ಕಡೆ ನೋಡಿದ. ಪಾರ್ವತೀಬಾಯಿ ಮಜ್ಜಿಗೆ ಕುಡಿದು ಲೋಟ ಬೋರಲು ಹಾಕಿದಳು. “ನನ್ನ ಕಡೆ ನೋಡಬ್ಯಾಡ. ಮೂವತ್ತೈದು ವರ್ಷ ಒಂದು ಹುಡುಗಿ ಹೆಸರು ಕೆಡಲಾರದಂಗ ಕಾಯ್ದೀನಿ. ಅಕಿ ಹೋಗ್ತೀನಂದ್ರ ಹೋಗ್ಲಿ.”

ಬೆಳಿಗ್ಗೆ ಹೋಗುವ ಮೊದಲು ಸರಸ್ವತೀಬಾಯಿ ಕಂಪ್ಯೂಟರಿನ ಮುಂದೆ ಕೂತಳು. “ಎಲ್ಲಾರೂ ಗ್ವಾಡಿ ಕಡೆ ಮುಖ ಮಾಡ್ರಿ.”

“ನಾನೂ?” ಎಂದ ಬಂಡು.

“ಮೊದಲ ನೀನೇ.”

“ನನಗ ಕಣ್ಣೇ ಕಾಣಂಗಿಲ್ಲವಾ,” ಎಂದಳು ಪಾರ್ವತೀಬಾಯಿ.

“ಆದ್ರೂ ತಿರುಗ್ರಿ ಅತ್ಯಾ.”

ಮೂವರೂ ಗೋಡೆಯ ಕಡೆ ತಿರುಗಿ ನಿಂತರು. ಅವಳು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಹೊಸ ಪಾಸ್‌ವರ್ಡ್ ಹೊಡೆದಳು. ಅದು ಯಾವ ಹಾಡಿನದೂ ಅಲ್ಲ, ಯಾವ ಊರಿನದೂ ಅಲ್ಲ. ವೈರು ಕಿತ್ತು ಚೀಲಕ್ಕೆ ಹಾಕಿಕೊಂಡು ಒಂಬತ್ತರ ಹುಮನಾಬಾದ್ ಬಸ್ಸು ಹತ್ತಿದಳು.

ಕಮಲಾಪುರದಲ್ಲಿ ಇಳಿದಾಗ ಹಣಮಂತ ಅಂಗಡಿಯಲ್ಲೇ ಇದ್ದ. ಒಂದು ಗಾಜಿನ ಫೋನ್ ಗೂಡು, ಎರಡು ಕಂಪ್ಯೂಟರು, ಹಿಂದೆಯೇ ಮನೆ. ಹೊಸದಾಗಿ ಬರೆಸಿದ ಹಲಗೆ: ವಧುವರ ಮಾಹಿತಿ ಕೇಂದ್ರ.

“ಅಕ್ಕಾ! ಹೇಳದ ಕೇಳದ ಬಂದೀ? ಬಾ, ಬಾ. ಏ, ಅಕ್ಕ ಬಂದಾಳ ನೋಡು!”

ಅವನ ಹೆಂಡತಿ ಒಳಗಿನಿಂದ ಬಂದು ಕಾಲಿಗೆ ನೀರು ಕೊಟ್ಟಳು. “ಅಕ್ಕಾರ, ಇನ್ನೊಂದು ಅರ್ಧಾ ತಾಸಿಗೆ ಅಡಗಿ ಆಗ್ತದ. ಕೆಂಪು ಬಾಳಿಹಣ್ಣಿನ ಸೀಕರಣಿ ಮಾಡ್ತೀನಿ, ನಿಮಗ ಸೇರ್ತದ.” ಪಾಪದ ಹೆಣ್ಣು, ಅವಳಿಗೆ ಏನೂ ಗೊತ್ತಿರಲಿಲ್ಲ.

ಸರಸ್ವತೀಬಾಯಿ ಕಾಲಿಗೆ ನೀರು ಹಾಕಿಕೊಳ್ಳಲಿಲ್ಲ. “ಹಣಮ್ಯಾ, ಕಂಪ್ಯೂಟರ್ ಚಾಲೂ ಮಾಡು. ನಮ್ಮ ಹುಡುಗ್ಯಾರ ಫೋಟೋ ತಗಿ.”

“ಯಾವ ಹುಡುಗ್ಯಾರು?”

“ವಾರಿಜಾನಿಂದ ಶುರು ಮಾಡು. ಹತ್ತು ಎಕರೆ ಹೊಲದಾಕಿ. ಅಕಿ ಅಜ್ಜಿ ಕೋಟೆ ಹತ್ರ ಅಡಿಕಿ ಕತ್ತರಿಸ್ತಾ ಕೂತಾಳ.”

ಹಣಮಂತ ಬೆಳ್ಳಗಾದ. ಆಮೇಲೆ ನಕ್ಕ. “ನನಗೇ ಬಲಿ ಬೀಸಿದೇನಕ್ಕಾ? ಹೋಗ್ಲಿ ಬಿಡು. ನಿನ್ನ ಒಡಪಿನ ಕೆಂಪು ಬಾಳಿ ಹೊಡೆದು ನೋಡಿದೆ, ಕೀಲಿ ತೆಗೀತು. ಏನಾತು ಈಗ? ನೀ ಪುಕ್ಕಟೆ ಮಾಡ್ತೀ, ನಾ ನಾಕು ರೂಪಾಯಿ ತಗೊಂಡು ಮಾಡ್ತೀನಿ. ಹುಡುಗ್ಯಾರಿಗೆ ವರ ಸಿಕ್ರ ಪುಣ್ಯ ನಿನಗೂ ಬರ್ತದ.”

“ನಿಶ್ಚಯ ಆದ ಹುಡುಗಿ ನಂಬರ್ ಕೊಟ್ಟೀ. ಅವನ್ಯಾವನೋ ಮನೀಗೆ ಫೋನ್ ಮಾಡಿ ಅಕಿ ಸೀರಿ ವರ್ಣನಾ ಮಾಡ್ಯಾನ.”

“ಅವ ಅಂಥಾವ ಅಂತ ನನಗೇನು ಗೊತ್ತು? ಮುನ್ನೂರು ಕೊಟ್ಟ, ನಂಬರ್ ಕೊಟ್ಟೆ.”

“ಮುನ್ನೂರು,” ಎಂದಳು ಸರಸ್ವತೀಬಾಯಿ. “ತಗಿ. ಒಂದೊಂದೇ ಅಳಿಸು. ನಾ ನೋಡ್ತೀನಿ.”

ಅವಳು ಪಕ್ಕದಲ್ಲಿ ನಿಂತೇ ಇದ್ದಳು. ಅವನು ಅಳಿಸಿದ. ನೂರಾ ಹನ್ನೆರಡು ಮುಖಗಳು ಒಂದೊಂದಾಗಿ ಹೋದವು. ಮುಗಿಸಿ ಎದ್ದ.

“ಕೂಡು. ಕಸದ ಬುಟ್ಟೀನೂ ಖಾಲಿ ಮಾಡು. ಅದರಾಗ ಉಳಿದಿರ್ತಾವ.”

ಹಣಮಂತ ಅಕ್ಕನನ್ನು ಹೊಸದಾಗಿ ನೋಡಿದ. ಖಾಲಿ ಮಾಡಿದ.

“ಫ್ಲಾಪಿ?”

ಡ್ರಾಯರಿನಿಂದ ಎರಡು ಫ್ಲಾಪಿ, ಒಂದು ಸಿ.ಡಿ. ತೆಗೆದು ಕೊಟ್ಟ. “ಸಮಾಧಾನ ಆತೇನು? ಇನ್ನ ಉಣ್ಣಾಕ ನಡಿ.”

“ಇನ್ನೊಂದದ. ಸೋಲಾಪುರಕ್ಕ ಫೋನ್ ಹಚ್ಚು. ‘ಫೋಟೋ ನಾ ಕದ್ದೀನಿ, ಹುಡುಗೀಗೆ ಏನೂ ಗೊತ್ತಿಲ್ಲ’ ಅಂತ ಹೇಳು.”

“ಹುಚ್ಚು ಹಿಡದದೇನು? ಊರಾಗ ನನ್ನ ಅಂಗಡಿ ನಡೀಬೇಕೋ ಬ್ಯಾಡೋ?”

“ನೀ ಹೇಳ್ತೀಯೋ, ನಾ ಹೇಳ್ಲೋ?”

“ನೀ ನನ್ನ ಹೆಸರು ತಗೊಂಡ್ರ,” ಹಣಮಂತನ ದನಿ ಗಟ್ಟಿಯಾಯಿತು, “ಈ ಮನಿ ಹೊಸ್ತಿಲಾ ಮತ್ತ ತುಳೀಬ್ಯಾಡ. ದೀಪಾವಳಿ ಬಿದಿಗಿ ಆರತಿನೂ ಬ್ಯಾಡ, ಪಂಚಮಿನೂ ಬ್ಯಾಡ. ನೆನಪಿಡು.”

ಒಳಗೆ ತಮ್ಮನ ಹೆಂಡತಿ ತಾಟು ಇಡುವ ಸಪ್ಪಳ ಕೇಳಿತು. ಸೀಕರಣೆಗೆ ಕುಟ್ಟಿದ ಏಲಕ್ಕಿಯ ವಾಸನೆ ಅಂಗಡಿಯವರೆಗೂ ಬಂತು. ತಾಯಿ ಇದ್ದಾಗಲೂ ಇದೇ ವಾಸನೆ, ಇದೇ ಬಾಗಿಲು.

ಸರಸ್ವತೀಬಾಯಿ ಗಾಜಿನ ಗೂಡಿನೊಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಚೀಲದಿಂದ ಚೀಟಿ ತೆಗೆದು ನಂಬರು ಒತ್ತಿದಳು.

“ಹಲೋ, ಸೋಲಾಪುರಾ? ನಾ ಗುಲ್ಬರ್ಗಾದಿಂದ ವಹಿ ಸರಸ್ವತೀಬಾಯಿ ಮಾತಾಡಾಕತ್ತೀನಿ. ಹೌದ್ರಿ, ವೇದವತಿ ವಿಷಯಕ್ಕ. ಅಕಿ ಫೋಟೋ ನನ್ನ ಕಂಪ್ಯೂಟರಿನ ಪತ್ರದಾಗಿಂದ ಕಳವಾಗೇದ. ಕದ್ದಾಂವ ಕಮಲಾಪುರದ ಹಣಮಂತ. ನನ್ನ ಒಡಹುಟ್ಟಿದ ತಮ್ಮ. ಅವನ ಅಂಗಡ್ಯಾಗೇ ನಿಂತು ಮಾತಾಡಾಕತ್ತೀನಿ, ಅವ ಎದುರಿಗೇ ಅದಾನ. ಕೀಲಿ ಸರೀ ಹಾಕಲಾರದ್ದು ನನ್ನ ತಪ್ಪು. ಹುಡುಗೀಗೆ ಇದರ ಗಾಳಿ ಸೈತ ಗೊತ್ತಿಲ್ಲ. ಬೇಕಂದ್ರ ರಾಯರ ಬೃಂದಾವನದ ಮುಂದ ನಿಂತು ಹೇಳ್ತೀನಿ.”

ಆ ಕಡೆಯ ದನಿ ಬಹಳ ಹೊತ್ತು ಮಾತಾಡಿತು. ಸರಸ್ವತೀಬಾಯಿ ಕೇಳುತ್ತ ನಿಂತಳು. “ಆತ್ರಿ,” ಎಂದಳು. “ಗುರುವಾರ ಬರ್ತೀರಂತ ಸಕ್ಕೂಗ ಹೇಳ್ತೀನಿ. ಊಟಕ್ಕ ನಮ್ಮನಿಗೇ ಬರ್ರಿ.”

ಫೋನು ಇಟ್ಟಳು. ಕೆಂಪು ಅಂಕಿ ಹತ್ತೊಂಬತ್ತು ರೂಪಾಯಿ ತೋರಿಸುತ್ತಿತ್ತು. ಇಪ್ಪತ್ತರ ನೋಟು ತೆಗೆದು ಮೇಜಿನ ಮೇಲಿಟ್ಟಳು. ಹಣಮಂತ ಅದನ್ನು ಮುಟ್ಟಲಿಲ್ಲ. ಕಣ್ಣೂ ಎತ್ತಲಿಲ್ಲ.

“ಒಂದು ರೂಪಾಯಿ ಚಿಲ್ಲರ ಕೊಡು,” ಎಂದಳು.

ಅವನು ಡ್ರಾಯರು ಎಳೆದು ಒಂದು ರೂಪಾಯಿ ಹಾಕಿದ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಫ್ಲಾಪಿ ಚೀಲದಲ್ಲಿವೆಯೇ ಎಂದು ಮುಟ್ಟಿ ನೋಡಿ ಹೊರಗೆ ಇಳಿದಳು.

“ಅಕ್ಕಾರ, ತಾಟು ಮಾಡೀನ್ರಿ!” ತಮ್ಮನ ಹೆಂಡತಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. “ಅಕ್ಕಾರ, ಎಲ್ಲಿಗೆ ಹೊಂಟ್ರಿ? ಬಿಸಿ ಅನ್ನ ಆರ್ತದ್ರಿ!”

ಸರಸ್ವತೀಬಾಯಿ ನಿಲ್ಲಲಿಲ್ಲ. ಗುಲ್ಬರ್ಗಾ ಕಡೆಯ ಬಸ್ಸು ಬಂದು ನಿಂತಿತ್ತು. ಹತ್ತಿದಳು. ಆ ಹೆಣ್ಣುಮಗಳು ಸಂಜೆಯವರೆಗೂ ತಾಟನ್ನು ಮುಚ್ಚಿಟ್ಟು ಕಾದಳಂತೆ. ಕಮಲಾಪುರದ ಆ ಮನೆಗೆ ಸರಸ್ವತೀಬಾಯಿ ಮತ್ತೆಂದೂ ಹೋಗಲಿಲ್ಲ.